ಯಾವ ಕ್ಯಾಲಿಬರ್ ಅಂತ ಕೇಳಿದೆಯಲ್ಲ

ಕೆಡ್ರನ್ ಹಾಲೊ, ಆರ್ಕನ್ಸಾ
ಅಕ್ಟೋಬರ್ 14, 2018, ಭಾನುವಾರ ಮಧ್ಯಾಹ್ನ

ಥರ್ಮನ್‌ಗೆ, ಕಾಗದದ ಮೇಲಾದರೂ ಇನ್ನೂ ನಿನ್ನ ಹೆಂಡತಿಯಾಗಿರುವ ಡೆಲ್ಫಾ ಬರೆಯುವುದು,

ನೀನು ಮನೆ ಬಿಟ್ಟು ಹೋಗಿ ಹತ್ತೊಂಬತ್ತು ತಿಂಗಳಾದ ಮೇಲೆ ನಿನ್ನಿಂದ ಒಂದು ಪೋಸ್ಟ್‌ಕಾರ್ಡ್ ಬಂತು. ಮುಂದುಗಡೆ ಟ್ರೌಟ್ ಮೀನಿನ ಚಿತ್ರ, ಹಿಂದುಗಡೆ ಎರಡೇ ಪದ: "ಯಾವ ಕ್ಯಾಲಿಬರ್?" ಹೇಗಿದ್ದೀಯ ಅಂತ ಇಲ್ಲ, ಸಹಿ ಕೂಡ ಇಲ್ಲ. ಟಪಾಲು ತರುವ ವಾಂಡಾ ಅದನ್ನು ಡಬ್ಬಿಗೆ ಹಾಕದೆ ಗಾಡಿ ನಿಲ್ಲಿಸಿ ಕೈಗೇ ಕೊಟ್ಟಳು. "ತಗೊಳ್ಳೇ, ನಿನ್ ಗಂಡ ಪ್ರೇಮಪತ್ರ ಬರ್ದಿದಾನೆ. ಪೂರ್ತಿ ಎರಡು ಪದ. ಅಷ್ಟು ಬರ್ಯೋಕೆ ಎಷ್ಟು ದಿನ ತಗೊಂಡ್ನೋ ಪಾಪ" ಅಂದಳು. ನಾನು ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ.

ಹಾಗಾದರೆ ನಾನು ಗನ್ ಲೈಸೆನ್ಸಿನ ತರಗತಿಗೆ ಹೋದ ಸುದ್ದಿ ನದಿಯಾಚೆಗೂ ಮುಟ್ಟಿದೆ. ಮೂವತ್ತು ವರ್ಷ ಗನ್ ರಿಪೇರಿ ಮಾಡಿದವನ ಹೆಂಡತಿ ಗನ್ ಕಲಿಯಲು ಇನ್ನೊಬ್ಬರ ಹತ್ತಿರ ಹೋದಳು ಅಂದರೆ ಜನ ಸುಮ್ಮನಿರುತ್ತಾರೆಯೇ. ದೀಪದ ಬುಡದಲ್ಲೇ ಕತ್ತಲೆ ಅಂತ ಅವರು ನಕ್ಕಿರುತ್ತಾರೆ. ನೀನು ನಕ್ಕಿರಲಿಕ್ಕಿಲ್ಲ, ಅದು ನನಗೆ ಗೊತ್ತು.

ಮೊದಲು ಉತ್ತರ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನು ಪುಟ ಮಗುಚಿ ಮಗುಚಿ ಅದನ್ನೇ ಹುಡುಕುತ್ತೀಯ. ತ್ರೀ-ಎಯ್ಟಿ. ಹೌದು, ಸಣ್ಣ ಅಳತೆಯ ಗುಂಡೇ. ಈಗ ಒಂದು ಲೋಟ ನೀರು ಕುಡಿ. "ನಾಲ್ಕರಿಂದ ಶುರುವಾಗ್ದಿರೋ ಗುಂಡು ಗುಂಡೇ ಅಲ್ಲ, ಸೊಳ್ಳೆ" ಅನ್ನುವ ನಿನ್ನ ಮಾತು ಇಲ್ಲಿಗೇ ಕೇಳಿಸುತ್ತಿದೆ. ನಿನ್ನ ಫಾರ್ಟಿ-ಫೈವ್ ವಿಷಯದಲ್ಲಿ ನೀನು ಹಿಡಿದ ಮೊಲಕ್ಕೆ ಯಾವತ್ತೂ ಮೂರೇ ಕಾಲು. ತರಗತಿಯಲ್ಲಿ ಆ ಮೊಲವನ್ನೂ ನಾನು ಹಿಡಿದು ನೋಡಿದೆ. ಐದು ಗುಂಡು ಹೊಡೆದೆ, ಎರಡು ಗುರಿಯ ಕಾಗದಕ್ಕೆ ಬಿದ್ದವು, ಉಳಿದ ಮೂರು ಬೆಟ್ಟಕ್ಕೆ ಹೋದವು.

ಈಗ ಯಾಕೆ ಗನ್ ಬೇಕಾಯಿತು ಅಂತ ಕೇಳಬೇಕಾದ್ದನ್ನು ನೀನು ಕೇಳಲಿಲ್ಲ. ಕೇಳದಿದ್ದರೂ ಹೇಳುತ್ತೇನೆ. ಜುಲೈನಲ್ಲಿ ಶಾರ್ಪ್ಸ್ ಕ್ರೀಕಿನ ಚರ್ಚಿನಲ್ಲಿ ಪಿಯಾನೊ ಶ್ರುತಿ ಮಾಡುತ್ತಿದ್ದೆ. ವಾರದ ದಿನ, ಒಳಗೆ ಯಾರೂ ಇರಲಿಲ್ಲ. ಯಾವನೋ ಒಬ್ಬ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಹಾಡು ಕೇಳಲು ಬಂದವನಿರಬೇಕು ಅಂದುಕೊಂಡೆ. ಅರ್ಧ ಗಂಟೆಯಾದ ಮೇಲೆ ತಲೆ ಎತ್ತಿ ನೋಡಿದರೆ ಬಾಗಿಲಿನ ಚಿಲಕ ಹಾಕಿತ್ತು, ಅವನು ನಡುವಿನ ದಾರಿಯಲ್ಲಿ ನಿಂತಿದ್ದ. "ಹೊರಗಡೆ ಇರೋ ಗಾಡಿ ನಿಂದಾ? ಒಬ್ಳೇ ಬಂದಿದೀಯಾ?" ಅಂತ ಕೇಳಿದ. ನಾನು ಉತ್ತರ ಕೊಡದೆ ಪಿಯಾನೊದ ಒಂದೇ ಸ್ವರವನ್ನು ಬಾರಿಸುತ್ತಾ ಹೋದೆ, ಅಷ್ಟು ಜೋರಾಗಿ ನಾನು ಯಾವತ್ತೂ ಬಾರಿಸಿದ್ದಿಲ್ಲ. ಹುಲ್ಲು ಕತ್ತರಿಸುವ ಮುದುಕ ಬಂದು ಬಾಗಿಲು ಬಡಿದ, ಇವನು ಪಕ್ಕದ ಬಾಗಿಲಿನಿಂದ ಹೋದ. ಏನೂ ಆಗಲಿಲ್ಲ. ಆದರೆ ನನ್ನ ಪಟ್ಟಿಯಲ್ಲಿ ನಲವತ್ತೊಂದು ಚರ್ಚುಗಳಿವೆ, ಹೆಚ್ಚಿನವಕ್ಕೆ ಫೋನಿನ ಸಿಗ್ನಲ್ಲು ಕೂಡ ಹತ್ತುವುದಿಲ್ಲ. ಅವನ್ನು ಬಿಡಲು ನನಗೆ ಮನಸ್ಸಿಲ್ಲ. ಹೆದರಿಕೊಂಡು ಹೋಗುವುದಕ್ಕೂ ಮನಸ್ಸಿಲ್ಲ.

ಓಪಲ್ ರೆಡಿಕ್‌ಳ ಹತ್ತಿರ ಹೋದೆ. ಶೆರಿಫನ ಕಚೇರಿಯಿಂದ ನಿವೃತ್ತಳಾಗಿ ಈಗ ತನ್ನ ಹೊಲದಲ್ಲೇ ಹೆಂಗಸರಿಗೆ ಕಲಿಸುತ್ತಾಳೆ. ಶನಿವಾರ ಬೆಳಿಗ್ಗೆ ಬಿಸ್ಕಿಟ್ಟು ಗ್ರೇವಿ ತಿನ್ನಿಸಿ, ಒಂದು ಉದ್ದನೆಯ ಮೇಜಿನ ಮೇಲೆ ಹನ್ನೊಂದು ಗನ್ನು ಸಾಲಾಗಿ ಇಡುತ್ತಾಳೆ. "ಯಾವ್ದು ಚೆಂದ ಅಂತ ನೋಡ್ಬೇಡಿ, ಯಾವ್ದು ನಿಮ್ ಗಂಡಂದಿರಿಗೆ ಇಷ್ಟ ಅಂತಾನೂ ನೋಡ್ಬೇಡಿ. ಯಾವ್ದನ್ನ ದಿನಾ ಮೈಮೇಲೆ ಇಟ್ಕೊಂಡು ಮರ್ತುಹೋಗ್ತೀರ, ಅದನ್ನ ತಗೊಳ್ಳಿ" ಅಂದಳು. ಆ ಮಾತು ನನ್ನ ಎದೆಗೆ ನಾಟಿತು. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಶ್ರುತಿ ಮಾಡುವಾಗ ಕೂರುವ ಮೋಟು ಸ್ಟೂಲನ್ನು ಕೂಡ ಹೊತ್ತುಕೊಂಡು ಹೋಗಿದ್ದೆ. ಒಂದೊಂದನ್ನೂ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಸ್ವೆಟರ್ ಎಳೆದುಕೊಂಡು, ಸ್ಟೂಲಿನ ಮೇಲೆ ಕೂತು, ಪಿಯಾನೊ ಒಳಗೆ ತಲೆ ಹಾಕುವ ಹಾಗೆ ಬಾಗಿ, ಎಡಕ್ಕೆ ಹೊರಳಿ, ಕೆಳಗಿನ ತಂತಿಗೆ ಕೈ ಚಾಚಿ ನೋಡಿದೆ. ಉಳಿದ ಹೆಂಗಸರು ಗುಂಡು ಹೊಡೆಯುವುದನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದರು. "ಏನಮ್ಮ ತಾಯಿ, ಗನ್ ಕೊಳ್ಳೋಕ್ ಬಂದ್ಯೋ, ಮೊಟ್ಟೆ ಇಡೋಕ್ ಬಂದ್ಯೋ?" ಅಂದಳು ಓಪಲ್. ನಗಲಿ ಬಿಡು. ನೈನ್ ಎಂಎಂ ಒಂದು ತುಂಬಾ ಚೆನ್ನಾಗಿತ್ತು, ಹೊಡೆದ ಕಡೆ ಬೀಳುತ್ತಿತ್ತು. ಆದರೆ ಅದರ ಮೇಲಿನ ಭಾಗವನ್ನು ಹಿಂದಕ್ಕೆ ಎಳೆಯಲು ನನ್ನ ಎಡ ಹೆಬ್ಬೆರಳು ಒಪ್ಪಲಿಲ್ಲ. ಆ ಬೆರಳು ಈಗ ಮಳೆ ಬರುವುದನ್ನು ಒಂದು ದಿನ ಮುಂಚೆ ಹೇಳುತ್ತದೆ. ಟ್ವೆಂಟಿ-ಟೂ ಬೆಣ್ಣೆಯ ಹಾಗೆ ಹೋಯಿತು, ಆದರೆ ಎರಡು ಸಲ ಗುಂಡು ಹಾರದೆ ಟಿಕ್ ಅಂದು ಸುಮ್ಮನಾಯಿತು. ಚರ್ಚಿನಲ್ಲಿ ಚಿಲಕ ಹಾಕಿದವನ ಮುಂದೆ ಟಿಕ್ ಅಂದರೆ ಸಾಲದು.

ತ್ರೀ-ಎಯ್ಟಿಯದ್ದು ಪೂರ್ತಿ ಲೋಹದ್ದು, ಇಪ್ಪತ್ತು ಔನ್ಸ್. ಕೈಗೆ ತೂಕ ಗೊತ್ತಾಗುತ್ತದೆ, ಒದೆತವನ್ನು ಆ ತೂಕವೇ ನುಂಗಿಕೊಳ್ಳುತ್ತದೆ. ಎಳೆಯುವುದೂ ಸಲೀಸು. ಪರೀಕ್ಷೆಯ ದಿನ ಐವತ್ತರಲ್ಲಿ ನಲವತ್ತಾರು ಒಳಗೆ ಬಿದ್ದವು. ಕಿವಿಗೆ ಎರಡು ಪದರ ರಕ್ಷಣೆ ಹಾಕಿಕೊಂಡಿದ್ದೆ, ನನ್ನ ಅನ್ನ ಇರುವುದು ಕಿವಿಯಲ್ಲಿ. ಮಾರನೆಯ ದಿನ ಎರಡು ಪಿಯಾನೊ ಶ್ರುತಿ ಮಾಡಿದೆ, ಕೈ ನೋಯಲಿಲ್ಲ. ಬಹಳ ಖುಷಿಯಾಯಿತು ಥರ್ಮನ್. ನನ್ನ ವಯಸ್ಸಿಗೆ ಇಷ್ಟು ಖುಷಿ ಪಡುವುದು ಸ್ವಲ್ಪ ನಾಚಿಕೆಯ ವಿಷಯವೇ.

ಇನ್ನು ಉಳಿದದ್ದನ್ನು ಬರೆಯಬೇಕು. ಇಲ್ಲಿಗೆ ನಿಲ್ಲಿಸಿ ಎದ್ದು ಹೋಗಿ ಬಟಾಣಿ ಒಲೆಯ ಮೇಲಿಟ್ಟು ಬಂದೆ.

ನಮ್ಮ ಮದುವೆಯ ಮೂವತ್ತನೆಯ ವರ್ಷಕ್ಕೆ ನೀನು ಕೊಟ್ಟ ಆ ಪುಟ್ಟ ರಿವಾಲ್ವರ್. ಹದಿನೈದು ಔನ್ಸ್ ಕೂಡ ಇಲ್ಲ, ಥರ್ಟಿ-ಎಯ್ಟ್. ಹೆಂಗಸಿನ ಕೈಗೆ ಹಗುರವಾದದ್ದು ಬೇಕು ಅಂತ ಗನ್ ಅಂಗಡಿಯವರೆಲ್ಲ ಹೇಳುವ ಮಾತನ್ನೇ ನೀನೂ ನಂಬಿದೆ. ಗನ್ನು ಹಗುರವಾದಷ್ಟೂ ಒದೆ ಜೋರು ಅಂತ ಬೇರೆಯವರ ಹೆಂಡತಿಯರಿಗೆಲ್ಲ ಹೇಳಿದವನು ನೀನೇ. ಹಿಂದಿನ ಹುಲ್ಲುಗಾವಲಿನಲ್ಲಿ ಐದು ಗುಂಡು ಹೊಡೆಸಿ "ಹೇಗಿದೆ?" ಅಂದೆ. ಹೆಬ್ಬೆರಳಿನ ಸಂದಿಯ ಚರ್ಮ ಕಿತ್ತುಹೋಗಿತ್ತು, ನಾನು "ಚೆನ್ನಾಗಿದೆ" ಅಂದೆ. ಎರಡು ದಿನ ತಂತಿ ಬಿಗಿಯುವ ಶ್ರುತಿಯ ಸುತ್ತಿಗೆ ಹಿಡಿಯಲಾಗಲಿಲ್ಲ, ಸಂಧಿವಾತ ಅಂತ ಸುಳ್ಳು ಹೇಳಿದೆ. ಯಾಕೆ ಗೊತ್ತೆ? ಅದರ ಹಿಡಿಗೋಸ್ಕರ. ನಾನು ಮಲಗಿದ್ದಾಗ ನನ್ನ ಕೈಯನ್ನು ಕಾಗದದ ಮೇಲಿಟ್ಟು ಸುತ್ತಲೂ ಪೆನ್ಸಿಲ್ ಎಳೆದು ಅಳತೆ ತೆಗೆದುಕೊಂಡಿದ್ದೆಯಲ್ಲ. ಒಂದು ಚಳಿಗಾಲವಿಡೀ ಕೂತು ವಾಲ್ನಟ್ ಮರದಲ್ಲಿ ಕೆತ್ತಿದ್ದೆ. ನಾನು ಆಗ ನಿದ್ದೆ ಮಾಡುತ್ತಿರಲಿಲ್ಲ. ಕಣ್ಣು ಮುಚ್ಚಿಕೊಂಡು ಸುಮ್ಮನಿದ್ದೆ, ನಗು ತಡೆಯುವುದು ಕಷ್ಟವಾಗಿತ್ತು.

ನಾನು ಅದನ್ನು ಮಾರಲಿಲ್ಲ.

ನೀನು ನಂಬಿದ್ದು ಬೇರೆ. ಡ್ರಾಯರ್ ಎಳೆದು ಖಾಲಿ ನೋಡಿ "ಎಲ್ಲಿ?" ಅಂದಾಗ "ಸಂತೆಯಲ್ಲಿ ಮಾರಿಬಿಟ್ಟೆ" ಅಂದೆ. ನೀನು ಡ್ರಾಯರ್ ಮುಚ್ಚಿ ನಿನ್ನ ರಿಪೇರಿ ಅಂಗಡಿಗೆ ಹೋದೆ, ಮೂರು ವಾರಕ್ಕೆ ನಿನ್ನ ತಮ್ಮನ ನದೀತೀರದ ಮನೆಗೆ ಹೊರಟುಹೋದೆ. ನಿಜ ಏನೆಂದರೆ ನಾನು ಅದನ್ನು ಡ್ರಾಯರಿನಲ್ಲಿ ಇಟ್ಟಿದ್ದೇ ಕಡಿಮೆ. ಅದು ಕೈಗೆ ಬಂದ ಮೇಲೆ ಹನ್ನೊಂದು ತಿಂಗಳು, ಬೆಳಿಗ್ಗೆ ನೀನು ಅಂಗಡಿಗೆ ಹೊರಟ ಕೂಡಲೇ, ದಿನವೂ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗುತ್ತಿದ್ದೆ. ಕೂತರೆ ಪಕ್ಕೆಲುಬಿಗೆ ಚುಚ್ಚುತ್ತಿತ್ತು, ಅದಕ್ಕೇ ಆಗಾಗ ತೆಗೆದು ಪಕ್ಕಕ್ಕೆ ಇಡುವ ಅಭ್ಯಾಸವಾಯಿತು. ಹೋದ ವರ್ಷ ಮಾರ್ಚಿನ ಒಂದು ಬುಧವಾರ ಮೌಂಟ್ ಗಿಲಿಯಡ್ ಚರ್ಚಿನ ಹೆಂಗಸರ ಬಚ್ಚಲಿಗೆ ಹೋದೆ. ತೆಗೆದು ಸಿಂಕಿನ ಮೇಲಿನ ಹಲಗೆಯ ಮೇಲೆ, ಕಾಗದದ ಟವೆಲಿನ ಪಕ್ಕ ಇಟ್ಟೆ. ಕೈ ತೊಳೆದೆ, ಒರೆಸಿಕೊಂಡೆ, ಬಂದೆ. ಮೂರು ಗಂಟೆ ಕೆಲಸ ಮಾಡಿದೆ, ಕಿವಿ ತಂತಿಯ ಮೇಲಿದ್ದಾಗ ನನಗೆ ಮೈಯ ಪರಿವೆ ಇರುವುದಿಲ್ಲ. ಮೂವತ್ತು ಮೈಲಿ ಹೋಗಿ ಪೈ ತಿನ್ನಲು ಕೂತಾಗ ಪಕ್ಕೆಲುಬಿಗೆ ಏನೂ ಚುಚ್ಚಲಿಲ್ಲ. ಆಗ ಗೊತ್ತಾಯಿತು.

ಬುಧವಾರ ನಾಲ್ಕು ಗಂಟೆಗೆ ಅಲ್ಲಿ ಮಕ್ಕಳ ಹಾಡಿನ ತರಗತಿ. ನಾನು ಗಾಡಿ ಹೇಗೆ ಓಡಿಸಿದೆನೋ ನೆನಪಿಲ್ಲ. ಹೋಗಿ ನೋಡಿದರೆ ಸಂಡೇ ಸ್ಕೂಲಿನ ಜೂನೆಲ್ ಬಚ್ಚಲಿನ ಬಾಗಿಲಿಗೆ ಬೆನ್ನು ಕೊಟ್ಟು, ಕೈಕಟ್ಟಿ, ಕಂಬದ ಹಾಗೆ ನಿಂತಿದ್ದಾಳೆ. ಎದುರಿಗೆ ಹದಿನೇಳು ಮಕ್ಕಳು. "ಪೈಪ್ ಒಡ್ದಿದೆ ಅಂತ ಹೇಳಿದ್ನಲ್ಲ, ಎಲ್ರೂ ಆ ಕಡೆ ಹೋಗಿ. ನಿಂಗೂ ಅದೇ ಮಾತು ಪುಟ್ಟಿ, ಕುಣೀಬೇಡ, ಹೋಗು" ಅನ್ನುತ್ತಿದ್ದಳು. ಮಕ್ಕಳು ಹೋದ ಮೇಲೆ ನನ್ನ ಮುಖ ನೋಡಿದಳು. "ನಿಂದೇ ತಾನೆ?" ಅಂದಳು. ನಾನು ತಲೆಯಾಡಿಸಿದೆ. "ನಾನು ಮುಟ್ಟಿಲ್ಲ. ಒಳಗೆ ಹೋಗಿ ತಗೊ. ಆಮೇಲೆ ಇಬ್ರೂ ಕೂತ್ಕೊಂಡು ಅಳೋಣ." ಇವತ್ತಿನವರೆಗೂ ಅವಳು ಯಾರಿಗೂ ಬಾಯಿಬಿಟ್ಟಿಲ್ಲ.

ಗನ್ ಕಲಿಸುವ ನಿನ್ನ ಪ್ರತಿ ತರಗತಿಯಲ್ಲೂ ನೀನು ಹೇಳುತ್ತಿದ್ದ ಮೊದಲ ಮಾತು ಇದು: "ಸೊಂಟದಿಂದ ತೆಗ್ದಿಟ್ಟ ಗನ್ನು ನಿಮ್ದಲ್ಲ, ಅದಕ್ಕೆ ಮೊದ್ಲು ಯಾರ್ ಕೈ ಹಾಕ್ತಾರೋ ಅವ್ರದ್ದು." ಅದನ್ನು ಮೂವತ್ತು ವರ್ಷ ಕೇಳಿದವಳು ನಾನು. ಅಂಥವಳು ಅದನ್ನು ಮಕ್ಕಳ ಕೈಗೆ ಎಟುಕುವಲ್ಲಿ ಬಿಟ್ಟು ಬಂದೆ ಅಂತ ನಿನಗೆ ಹೇಗೆ ಹೇಳಲಿ? ನೀನು ನನ್ನನ್ನು ಕಲ್ಲುಮನಸ್ಸಿನವಳು ಅಂದುಕೊಂಡರೂ ಆಗಬಹುದು, ಬುದ್ಧಿಗೇಡಿ ಅಂದುಕೊಳ್ಳುವುದು ಬೇಡ ಅನ್ನಿಸಿತು. ಆ ಸಂಜೆ ರಿವಾಲ್ವರಿನಿಂದ ಗುಂಡು ತೆಗೆದು, ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ, ನಮ್ಮ ಪಿಯಾನೊದ ಕೆಳಗಿನ ಹಲಗೆ ಬಿಚ್ಚಿ ಒಳಗಿಟ್ಟೆ. ಮಾರಿದೆ ಅಂದದ್ದನ್ನು ನಂಬುವ ಮೊದಲು ನೀನು ಮನೆಯೆಲ್ಲ ಹುಡುಕಿದೆ, ಪಿಯಾನೊ ಒಂದನ್ನು ಬಿಟ್ಟು. ಈಗಲೂ ಅಲ್ಲೇ ಇದೆ. ಮೂರು ತಿಂಗಳಿಗೊಮ್ಮೆ ಎಣ್ಣೆ ಹಾಕುತ್ತೇನೆ, ಹಿಡಿಯನ್ನು ಒರೆಸುತ್ತೇನೆ. ಆ ಹಿಡಿಗಾಗಿ ನಾನು ನಿನಗೆ ಒಂದು ಸಲವೂ ಸರಿಯಾಗಿ ಧನ್ಯವಾದ ಹೇಳಲಿಲ್ಲ.

ಅದಕ್ಕೇ ಈ ಸಲ ಸ್ಟೂಲು ಹೊತ್ತುಕೊಂಡು ಹೋಗಿದ್ದು. ಕ್ಯಾಲಿಬರ್ ಯಾವುದು ಅನ್ನುವುದು ನನಗೆ ಎರಡನೆಯ ಪ್ರಶ್ನೆಯಾಗಿತ್ತು. ಬೆಳಿಗ್ಗೆ ಹಾಕಿಕೊಂಡದ್ದನ್ನು ಮನೆಗೆ ಬಂದು ಬೀಗದ ಪೆಟ್ಟಿಗೆಗೆ ಇಡುವವರೆಗೆ ತೆಗೆಯಲೇಬೇಕು ಅನ್ನಿಸಬಾರದು, ಅದು ಮೊದಲನೆಯದು. ಒಂಬತ್ತು ವಾರವಾಯಿತು, ಒಂದು ದಿನವೂ ಹೊರಗೆ ತೆಗೆದಿಲ್ಲ. ಶಾರ್ಪ್ಸ್ ಕ್ರೀಕಿಗೂ ಹೋಗಿ ಬಂದೆ, ಒಳಗೆ ಹೋದ ಕೂಡಲೇ ಚಿಲಕವನ್ನು ನಾನೇ ಹಾಕಿಕೊಂಡೆ. ಪಿಯಾನೊ ಎಂದಿನಂತೆ ಆಗಸ್ಟಿನ ತೇವಕ್ಕೆ ಉಬ್ಬಿ ಕೂತಿತ್ತು.

ನಾನು ಚೆನ್ನಾಗಿದ್ದೇನೆ. ನೀನು ಕೇಳಲಿಲ್ಲ, ಆದರೂ. ಬಟಾಣಿ ಬೆಂದಿರಬೇಕು, ವಾಸನೆ ಬರುತ್ತಿದೆ. ಎಷ್ಟು ಸಲ ಅಂದುಕೊಂಡರೂ ಇಬ್ಬರಿಗೆ ಆಗುವಷ್ಟೇ ಹಾಕುತ್ತೇನೆ.

ಇನ್ನೂ ನಿನ್ನವಳೇ,
ಡೆಲ್ಫಾ

ತಾ. ಕ.: ಅದೇ ತ್ರೀ-ಎಯ್ಟಿಯಲ್ಲಿ ಪ್ಲಾಸ್ಟಿಕ್ ಮೈಯದ್ದೂ ಒಂದಿತ್ತು, ಇನ್ನೂ ಸಲೀಸಾಗಿ ಎಳೆಯಬಹುದಿತ್ತು. ಅದನ್ನು ಯಾಕೆ ಬಿಟ್ಟೆ ಅಂತ ಓಪಲ್ ಕೇಳಿದಳು, ತೂಕಕ್ಕೆ ಅಂದೆ. ಅದು ಅರ್ಧ ನಿಜ. ಪ್ಲಾಸ್ಟಿಕ್ಕಿನದ್ದರ ಹಿಡಿ ಮೈಗೇ ಎರಕವಾಗಿರುತ್ತದೆ, ಬಿಚ್ಚಿ ಬೇರೆ ಹಿಡಿ ಕೂರಿಸಲು ಬರುವುದಿಲ್ಲ. ನಾನು ಕೊಂಡದ್ದರ ಹಿಡಿಗೆ ಎರಡೂ ಬದಿ ಎರಡೆರಡು ಸ್ಕ್ರೂ ಇವೆ. ಈ ಹಾಳೆಯ ಹಿಂದೆ ನನ್ನ ಬಲಗೈ ಇಟ್ಟು ಪೆನ್ಸಿಲ್ ಎಳೆದಿದ್ದೇನೆ. ಆದರೆ ಗೆಣ್ಣುಗಳು ಈಚೆಗೆ ಊದಿಕೊಂಡಿವೆ, ಕಾಗದದ ಅಳತೆ ನಂಬಬೇಡ. ಬಂದು ಅಳತೆ ನೀನೇ ತೆಗೆದುಕೋ. ಈ ಸಲ ನಿದ್ದೆ ಬಂದ ಹಾಗೆ ನಟಿಸುವುದಿಲ್ಲ.