ನಿನಗೆ ಸಲ್ಲಬೇಕಿದ್ದ ಕೃತಜ್ಞತೆ

ಮಾರ್ಬುರ್ಗ್
೧೬ ನವೆಂಬರ್ ೧೯೪೭, ಭಾನುವಾರ

ಪ್ರೀತಿಯ ತಮ್ಮ ವೆಂಡೆಲಿನ್,

ನಿನ್ನ ಉಬ್ಬಸ ಈಗ ಹೇಗಿದೆ? ಜ್ಯೂರಿಕ್‌ನ ಥಂಡಿ ನಿನ್ನ ಎದೆಗೆ ಒಗ್ಗುವುದಿಲ್ಲ. ಅಮ್ಮ ಬದುಕಿದ್ದಿದ್ದರೆ ಈ ವೇಳೆಗೆ ಎರಡು ಮಫ್ಲರ್ ಹೆಣೆದು ಕಳಿಸಿರುತ್ತಿದ್ದಳು. ನನಗೆ ಒಂದನ್ನಾದರೂ ಹೆಣೆದಳೇ ಎಂದು ಯೋಚಿಸಿದೆ, ನೆನಪಾಗಲಿಲ್ಲ. ಇರಲಿ. ನೀನು ಕಳಿಸಿದ ಕಾಫಿಬೀಜ ತಲುಪಿತು. ನನ್ನನ್ನು ಮುಂದಿನ ತಿಂಗಳು ಮತ್ತೆ ನ್ಯಾಯಾಧೀಶನಾಗಿ ಪೀಠಕ್ಕೆ ಕರೆಯುತ್ತಾರಂತೆ. ನಿನ್ನ ಅತ್ತಿಗೆ ಇರ್ಮ್‌ಗಾರ್ಡ್ ಈಗಾಗಲೇ ನಿಲುವಂಗಿಗೆ ಇಸ್ತ್ರಿ ಹಾಕಿಟ್ಟಿದ್ದಾಳೆ.

ನಿನ್ನ ಲೇಖನ ಇಲ್ಲಿನ ಪತ್ರಿಕೆಯಲ್ಲಿ ಬಂತು. ಅನ್ಯಾಯವೇ ಮೈವೆತ್ತ ಕಾನೂನು ಕಾನೂನೇ ಅಲ್ಲ, ಮನುಷ್ಯನ ಹಕ್ಕು ಸರ್ಕಾರ ಕೊಟ್ಟು ಕಸಿದುಕೊಳ್ಳುವ ವಸ್ತುವಲ್ಲ ಎಂಬ ನಿನ್ನ ಮಾತು ಬ್ರೆಡ್ಡಿನ ಸಾಲಿನಲ್ಲೂ ಕೇಳಿಸುತ್ತಿದೆ. “ನಿಮ್ಮ ತಮ್ಮ ಸಂತರಾಗ್ಬಿಟ್ರು ಬಿಡಿ. ನೀವೂ ಅದೇ ಲಾ ಕಾಲೇಜಲ್ಲಿ ಓದಿದ್ದಲ್ವಾ?” ಎಂದು ಇರ್ಮ್‌ಗಾರ್ಡ್ ಚುಚ್ಚಿದಳು. ಓದಿದ್ದೆ. ನಿನಗಿಂತ ಹೆಚ್ಚು ಅಂಕ ತೆಗೆದಿದ್ದೆ. ಕಾನೂನು ಎಂದರೆ ಕಾನೂನು, ಅದರ ಒಳಿತು ಕೆಡುಕು ತೂಗುವುದು ನ್ಯಾಯಾಧೀಶನ ಕೆಲಸವಲ್ಲ ಎಂದು ಗುರುಗಳು ಕಲಿಸಿದ್ದನ್ನು ಚಾಚೂ ತಪ್ಪದೆ ಪಾಲಿಸಿದೆ. ಪ್ರತಿಯೊಬ್ಬ ನ್ಯಾಯಾಧೀಶನೂ ತನ್ನ ಮನಸ್ಸಾಕ್ಷಿಯನ್ನೇ ಕಾನೂನು ಮಾಡಿಕೊಂಡರೆ ಬಡವ ಯಾವುದನ್ನು ನಂಬಬೇಕು ಎಂದು ಈಗಲೂ ನಿನ್ನೊಡನೆ ವಾದಿಸಬಲ್ಲೆ. ನೀನು ೧೯೩೫ರಲ್ಲಿ, ಆ ಸರ್ಕಾರದ ಕಾನೂನು ನಡೆಸಲಾರೆ ಎಂದು ಹುದ್ದೆಗೆ ರಾಜೀನಾಮೆ ಬಿಸಾಡಿ ಜ್ಯೂರಿಕ್‌ನ ರೈಲು ಹತ್ತಿದೆ. ಹೆಂಡತಿ ಮಕ್ಕಳಿಲ್ಲದವನಿಗೆ ಅದು ಸುಲಭ ಎಂದು ಹನ್ನೆರಡು ವರ್ಷಗಳಿಂದ ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಹೊಟ್ಟೆಯುರಿ ಮಾತ್ರ ಆರಿಲ್ಲ.

ಮಂಗಳವಾರ ಮನೆಗೆ ಒಬ್ಬ ಹೆಂಗಸು ಬಂದಳು. ಹೆಸರು ಥೆಕ್ಲಾ ಟಾಮ್, ಪುಸ್ತಕಕ್ಕೆ ರಟ್ಟು ಕಟ್ಟುತ್ತಿದ್ದ ಟಾಮ್‌ನ ವಿಧವೆ. ೧೯೪೪ರಲ್ಲಿ ಆತ ಕ್ಷೌರದಂಗಡಿಯಲ್ಲಿ ಕೂತು “ಯುದ್ಧ ಸೋತಾಯ್ತು, ಇನ್ನೂ ಮಕ್ಕಳನ್ನ ಯಾಕೆ ಸಾಯಿಸ್ತಾರೆ?” ಅಂದಿದ್ದ. ನೆರೆಯವನೊಬ್ಬ ದೂರು ಕೊಟ್ಟ. ಬಾಗಿಲು ಮುಚ್ಚಿ ವಿಚಾರಣೆ ನಡೆಯಿತು, ತೀರ್ಪು ಕೊಟ್ಟವರ ಹೆಸರನ್ನು ಹೆಂಡತಿಗೂ ತಿಳಿಸಲಿಲ್ಲ. ಟಾಮ್‌ನ ತಲೆ ಹೋಯಿತು. ಆಕೆಯ ಕೈಯಲ್ಲಿ ನಿನ್ನ ಲೇಖನದ ಕತ್ತರಿಸಿದ ತುಂಡಿತ್ತು. ಅದರಡಿ ಇದ್ದ ಡಾಕ್ಟರ್ ಕೆಸ್ಲಿಂಗ್ ಎಂಬ, ನಮ್ಮಿಬ್ಬರಿಗೂ ಸಲ್ಲುವ ಹೆಸರು ಕೇಳಿಕೊಂಡು ಬಂದವಳಿಗೆ ಊರವರು ನನ್ನ ಮನೆ ತೋರಿಸಿದ್ದರು. “ಡಾಕ್ಟರ್ ಸಾಹೇಬ್ರೇ, ನನ್ನ ಗಂಡ ಅಪರಾಧಿ ಅಲ್ಲ ಅಂತ ಇಷ್ಟು ದಿನ ನಾನೊಬ್ಳೇ ಹೇಳ್ತಿದ್ದೆ. ಕಾನೂನು ಓದಿದವರು ಹೇಳಿದ್ದು ನೀವೊಬ್ರೇ” ಎಂದು ನನ್ನ ಕೈ ಹಿಡಿದು ಅತ್ತಳು. ಆ ಕೈಯೇ ಅವಳ ಗಂಡನ ತೀರ್ಪಿಗೆ ಸಹಿ ಹಾಕಿತ್ತು, ವೆಂಡೆಲಿನ್.

ಬರೆದವನು ನಾನಲ್ಲ ಎನ್ನಲು ಎಷ್ಟು ಹೊತ್ತು ಬೇಕಿತ್ತು? ಹೇಳಲಿಲ್ಲ. ನಲವತ್ತೊಂಬತ್ತು ವರ್ಷಗಳಲ್ಲಿ ಒಮ್ಮೆಯಾದರೂ ನೀನಾಗಿರಬೇಕು ಅನ್ನಿಸಿತು. ಆಕೆ ಕೊಟ್ಟ ಪ್ಲಮ್ ಜಾಮಿನ ಬಾಟಲಿಯನ್ನೂ ತೆಗೆದುಕೊಂಡೆ. ಹೊರಡುವಾಗ, “ಶಿಕ್ಷೆ ಕೊಟ್ಟ ಪುಣ್ಯಾತ್ಮ ಯಾರು ಅಂತ ಹುಡುಕಿ ಕೊಡ್ತೀರಾ?” ಎಂದಳು. ಹ್ಞೂಂ ಅಂದೆ.

ಎದೆ ಬೆಚ್ಚಗಿಟ್ಟುಕೋ. ಇರ್ಮ್‌ಗಾರ್ಡ್ ನಿನ್ನನ್ನು ಕೇಳಿದಳೆಂದು ತಿಳಿಸಲು ಹೇಳಿದ್ದಾಳೆ. ಅಮ್ಮನ ಪಾಲಿನ ಹಾರೈಕೆಯೂ ನಿನಗಿರಲಿ.

ನಿನ್ನ ಅಣ್ಣ,
ರುಪ್ರೆಖ್ಟ್

ಮ.ವಿ.: ಬುಧವಾರ, ಆತುರದಲ್ಲಿ. ಕಾಗದ ಅಂಚೆಗೆ ಹಾಕದೆ ಮೂರು ದಿನ ಜೇಬಿನಲ್ಲೇ ಇಟ್ಟುಕೊಂಡು ತಿರುಗಿದೆ. ಇಂದು ಬೆಳಿಗ್ಗೆ ಥೆಕ್ಲಾ ಟಾಮ್ ಮನೆಗೆ ಹೋಗಿ, ಆ ನ್ಯಾಯಾಧೀಶ ನಾನೇ ಎಂದು ಹೇಳಿದೆ. ಅದನ್ನೇ ಬರೆದು ಸಹಿ ಮಾಡಿ ಅವಳ ಕೈಗೂ ಕೊಟ್ಟೆ, ಬೇಕಾದವರಿಗೆ ತೋರಿಸಲಿ. ಇನ್ನು ಪೀಠದ ಮಾತಿಲ್ಲ. ಆಕೆ ಬೈಯುತ್ತಾಳೆಂದು ಕಾದೆ. ಲೇಖನದ ತುಂಡನ್ನು ಕೈಗೆತ್ತಿಕೊಂಡು, “ಹಾಗಾದ್ರೆ ಇದನ್ನ ಬರೆದವರು ಯಾರು?” ಎಂದು ಕೇಳಿದಳು. ನಿನ್ನ ವಿಳಾಸ ಕೊಟ್ಟಿದ್ದೇನೆ. ಅವಳ ಕಾಗದ ಬಂದರೆ ತಡಮಾಡದೆ ಉತ್ತರಿಸು. ನನ್ನ ಬಗ್ಗೆ ಆಕೆ ಇನ್ನೊಂದು ಮಾತೂ ಕೇಳಲಿಲ್ಲ.