ಕೋವಿಯ ಕಾಲು

ಅಣ್ಣ ಫರಾಮರ್ಜ್‌ಗೆ,

ಝರ್ದ್‌ಕೂಹ್ ಬೆಟ್ಟದ ಬುಡದಿಂದ ನಿನ್ನ ತಂಗಿ ಕಶ್ವರ್ ಬರೆಯುವುದು. ನಾವೆಲ್ಲ ಬದುಕಿದ್ದೇವೆ. ನೀನೂ ಬದುಕಿದ್ದೀಯೆ ಎಂದು ಮೊನ್ನೆ ತಿಳಿಯಿತು.

ನೀನು ಕಳಿಸಿದ್ದು ಬಂದು ತಲುಪಿತು. ಅಹ್ವಾಜ್‌ನಿಂದ ಅಕ್ಕಿ ಮೂಟೆ ತರುವ ನೀಲಿ ಪಿಕಪ್ಪಿನವನು ಅಂಗಳದಲ್ಲಿ ಗಾಡಿ ನಿಲ್ಲಿಸಿ, “ಕಬ್ಬಿನ ಗಿರಣಿ ಕಾವಲುಗಾರ ಮುದುಕಪ್ಪ ಕೊಟ್ಟ, ನಿಮ್ಮ ಕೈಗೇ ಕೊಡ್ಬೇಕಂತೆ ಅಕ್ಕ” ಎಂದು ಗೋಣಿಬಟ್ಟೆಯ ಕಟ್ಟೊಂದನ್ನು ನನ್ನ ಕೈಗಿಟ್ಟ. “ಏನಿದು, ಊರುಗೋಲಾ?” ಎಂದು ನಕ್ಕ. ನಿನಗೆ ಐವತ್ತೊಂದು ವರ್ಷ. ಅವನ ಬಾಯಲ್ಲಿ ನೀನು ಮುದುಕಪ್ಪ. ಕಟ್ಟು ಬಿಚ್ಚುವ ಮೊದಲೇ ನನ್ನ ಬೆರಳಿಗೆ ಗೊತ್ತಾಯಿತು. ಕಾಡುಬಾದಾಮಿ ಮರದ ಎರಡು ಕಾಲು, ತುದಿಗೆ ಕಾಡುಮೇಕೆಯ ಕೊಂಬು, ಮೇಲೆ ಕೋವಿಯ ನಳಿಗೆಗೆ ಸಿಕ್ಕಿಸುವ ತೊಗಲಿನ ಬಳೆ. ಬಲಗಾಲಿನ ಮೇಲೆ ಕಾದ ಸೂಜಿಯಿಂದ ನಾನು ಸುಟ್ಟು ಮೂಡಿಸಿದ ಐದು ಚುಕ್ಕೆ. ನಿನ್ನ ಕವೆ. ಅದರ ಜೊತೆ ಒಂದು ಸಾಲು ಬರಹವೂ ಇರಲಿಲ್ಲ.

ಕವೆ ಬಂದಾಗ ಮನೆಯಲ್ಲಿ ಗಂಡಸರು ಇರಲಿಲ್ಲ. ಅದು ನಿನ್ನ ಪುಣ್ಯ. ನನ್ನ ಗಂಡ ನಾಮ್ದಾರ್, ಮಗನನ್ನೂ ಕರೆದುಕೊಂಡು, ಚಳಿಗಾಲದ ಹುಲ್ಲುಗಾವಲು ಗೊತ್ತುಮಾಡಲು ಕೆಳನಾಡಿಗೆ ಇಳಿದಿದ್ದಾರೆ. ಬರುವುದು ಹತ್ತು ದಿನ. ಮಗನ ಹೆಸರು ನಿನಗೆ ಗೊತ್ತಿರಲಾರದು. ಮಂದನಿ. ನಾಮ್ದಾರ್‌ನ ಸತ್ತ ಅಣ್ಣನ ಹೆಸರನ್ನೇ ಇಟ್ಟರು, ಇನ್ನೇನಿಡುತ್ತಾರೆ? ಇಪ್ಪತ್ತೆರಡು ತುಂಬಿದೆ, ಗುರಿ ಚೆನ್ನಾಗಿದೆ, ಆ ದೊಡ್ಡಪ್ಪನ ಕೋವಿ ಅವನ ತಲೆದೆಸೆಯ ಗೋಡೆಗೇ ನೇತಾಡುತ್ತದೆ. ಈ ಕವೆಯನ್ನು ಅಪ್ಪ ಮಗ ಕಂಡಿದ್ದರೆ ಇಬ್ಬರೂ ಅಹ್ವಾಜಿನ ಬಸ್ಸು ಹತ್ತುತ್ತಿದ್ದರು. ಕಳಿಸುವಾಗ ನೀನು ಇದನ್ನು ಯೋಚಿಸಿದೆಯೋ ಇಲ್ಲವೋ ನನಗೆ ತಿಳಿಯದು. ನೀನು ಯಾವಾಗಲೂ ಭಾರವನ್ನು ಇನ್ನೊಬ್ಬರ ಹೆಗಲಿಗೆ ದಾಟಿಸಿ ಹಗುರಾಗುವವನು.

ಕವೆಯನ್ನು ಹಿಟ್ಟಿನ ಮೂಟೆಯೊಳಗೆ ಹುಗಿದೆ. ಅಳು ಬರಲಿಲ್ಲ. ಕೈಗೆ ಹಿಟ್ಟು ಹತ್ತಿತು, ತೊಳೆದುಕೊಂಡೆ.

ಹಾವು ಕಚ್ಚಿದ ವರ್ಷದಿಂದ ನಿನ್ನ ಎಡಗೈ ನಡುಗುತ್ತಿತ್ತು. ನಿನಗಾಗ ಹತ್ತು, ನನಗೆ ಎರಡು ಎಂದು ಅಮ್ಮ ಹೇಳುತ್ತಿದ್ದಳು. ಉಳಿದವರಿಗೆ ಕವೆ ಎಂದರೆ ದೂರದ ಬೇಟೆಗೆ ನೆಲಕ್ಕೂರಿ ಕೋವಿ ಅಲುಗದಂತೆ ನಿಲ್ಲಿಸುವ ಒಂದು ಅನುಕೂಲ. ನಡೆಯುವಾಗ ಕಳಚಿ ನಡುಪಟ್ಟಿಗೆ ಸಿಕ್ಕಿಸುವರು, ಬೇಕೆಂದಾಗ ಹಾಕುವರು. ನಿನಗೆ ಹಾಗಲ್ಲ. ಅದು ಇದ್ದರೆ ನೀನು ಇಡೀ ಸೀಮೆಗೇ ಮೊದಲನೆಯ ಗುರಿಕಾರ, ಇಲ್ಲದಿದ್ದರೆ ಗೋಡೆಗೂ ಗುಂಡು ತಾಗಿಸಲಾರದವನು. ಆ ಕವೆಯನ್ನು ನೀನು ಕೆತ್ತಿದೆ, ಕುರಿಯ ಬಾಲದ ಕೊಬ್ಬು ತಿಕ್ಕಿ ತಿಕ್ಕಿ ನಾನು ನುಣುಪು ಮಾಡಿದೆ. ಎಷ್ಟು ಖುಷಿಯಾಗಿದ್ದೆವು ಎಂದು ನೆನಪಿದೆ. ಆ ಖುಷಿ ಹೇಗಿತ್ತು ಎಂಬುದು ನೆನಪಿಲ್ಲ.

ಸತ್ತ ಮಂದನಿ ಕೆಟ್ಟವನಾಗಿರಲಿಲ್ಲ. ಬಾಯಿ ಮಾತ್ರ ಸುಮ್ಮನಿರದು. ಆ ವಸಂತದಲ್ಲಿ ಬುಗ್ಗೆಯ ಬಳಿ ಹತ್ತು ಜನರ ಎದುರಿಗೆ, “ಬಂದ ನೋಡ್ರಪ್ಪಾ, ನಾಲ್ಕು ಕಾಲಿನ ಬೇಟೆಗಾರ! ಲೇ ಫರಾಮರ್ಜ್, ಮದುವೆಯಾದ್ಮೇಲೆ ಹೆಂಡ್ತೀನ ಎತ್ಕೊಳ್ಳೋಕೂ ಕವೆ ಊರ್ತೀಯಾ?” ಎಂದ. ಹೆಂಗಸರೂ ಇದ್ದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಅಣ್ಣ. ಇದನ್ನು ನಿನಗೆ ಹೇಳಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಗುವುದೂ ಹಾಗೆಯೇ ಇರಬೇಕು. ನೀನು ನಗಲಿಲ್ಲ, ಬೈಯಲೂ ಇಲ್ಲ. ನಿನ್ನ ಮುಖ ಬಿಳುಚಿಕೊಂಡಿತು.

ಮೂರನೆಯ ದಿನ ಬೆಳಿಗ್ಗೆ ನೀನು ಬರಿಗೋವಿ ಹಿಡಿದು ಬುಗ್ಗೆಯ ದಾರಿಯಲ್ಲೇ ಬೆಟ್ಟ ಹತ್ತಿದೆ. ಕವೆಯಿಲ್ಲದ ಕೋವಿಯನ್ನು ಎಲ್ಲರೂ ನೋಡಲಿ ಎಂದೇ ನೀನು ಆ ದಾರಿ ಹಿಡಿದೆ ಎಂದು ಈಗ ಅರ್ಥವಾಗುತ್ತದೆ. ಆಗ ನನಗೆ ಕಂಡದ್ದು ಗೂಟದಲ್ಲಿ ನೇತಾಡುತ್ತಿದ್ದ ಕವೆ ಮಾತ್ರ. ಅಯ್ಯೋ, ಅಣ್ಣ ಮರೆತು ಹೋದನಲ್ಲ ಎಂದು ಅದನ್ನು ಹಿಡಿದು ಹಿಂದಿನ ಕೊರಕಲಿನಲ್ಲಿ ಓಡಿದೆ. ನೀನು ನಡುದಾರಿಯಲ್ಲಿ ಸಿಕ್ಕೆ. ಏದುಸಿರು ಬಿಡುತ್ತಾ ಕೈಗೆ ಕೊಟ್ಟೆ. ನೀನು ಕವೆಯನ್ನು ನೋಡಿದೆ, ನನ್ನನ್ನು ನೋಡಿದೆ. “ಹೋಗು, ಅಮ್ಮ ಕಾಯ್ತಿರ್ತಾಳೆ” ಎಂದೆಯೇ ಹೊರತು ಬೇಡ ಎನ್ನಲಿಲ್ಲ. ತೊಗಲ ಬಳೆಯನ್ನು ನಳಿಗೆಗೆ ಸಿಕ್ಕಿಸಿಕೊಂಡು ಮೇಲೆ ಹೋದೆ. ನಾನು ಕೊಡದಿದ್ದರೆ ಗುಂಡು ಎಲ್ಲೋ ಹಾರಿ ಹೋಗುತ್ತಿತ್ತು. ಇಪ್ಪತ್ತಾರು ವರ್ಷ, ಹಿಟ್ಟು ನಾದುವಾಗಲೆಲ್ಲ ನನಗೆ ಈ ಮಾತು ಬರುತ್ತದೆ. ಮೊದಮೊದಲು ಎದೆ ಹಿಂಡುತ್ತಿತ್ತು. ಈಗ ಬಂದು ಹೋಗುತ್ತದೆ.

ಒಂದೇ ಗುಂಡು. ಮಂದನಿ ಕಾಡುಮೇಕೆಯ ಹಿಂದೆ ಹೊರಟವರು ಮಾಡುವಂತೆಯೇ ಮಣ್ಣುಬಣ್ಣದ ಕಂಬಳಿ ನಿಲುವಂಗಿಯನ್ನು ತಲೆಯ ಮೇಲೆಳೆದುಕೊಂಡು, ಕೈಕಾಲೂರಿ ಬಂಡೆಯ ಸಂದಿನಲ್ಲಿ ಹತ್ತುತ್ತಿದ್ದನಂತೆ. ದೂರದಿಂದ ಮೇಕೆಯ ಬೆನ್ನಿನಂತೆಯೇ ಕಾಣುತ್ತದೆ. ನಮ್ಮಲ್ಲಿ ಹಾಗೆ ಸತ್ತವರು ಅವನಿಗೂ ಮೊದಲು ಇದ್ದರು.

ಹಗೆ ನಿಲ್ಲಿಸಿ ರಕ್ತ ಕಟ್ಟುವ ಕೂಟಕ್ಕೆ ನೀನು ಕೊರಳಿಗೆ ಹೆಣಕ್ಕೆ ಹೊದಿಸುವ ಕಫನಿನ ಬಿಳಿಬಟ್ಟೆ ಸುತ್ತಿಕೊಂಡು ಬರಿಗಾಲಲ್ಲಿ ಬಂದೆ. ಬಿಳಿಗಡ್ಡದ ಹಿರಿಯರು ಕೇಳಿದ್ದು ಒಂದೇ ಪ್ರಶ್ನೆ. “ಕವೆ ಊರಿದ್ಯಾ?” ನಮ್ಮವರ ಕಟ್ಟಳೆ ನಿನಗೆ ಹೇಳಬೇಕೇ? ನಿಂತು ಹೊಡೆದರೆ ಅದು ಕೈತಪ್ಪು. ಕವೆ ಊರಿ ಹೊಡೆದವನಿಗೆ ಕೂರಲು, ಉಸಿರು ಬಿಗಿಹಿಡಿಯಲು, ಎದುರಿಗಿರುವುದು ಏನೆಂದು ನೋಡಲು ಸಮಯವಿತ್ತು. ಅದು ಕೈತಪ್ಪಲ್ಲ, ಅದಕ್ಕೆ ಪ್ರಾಣಕ್ಕೆ ಪ್ರಾಣ. ನೀನು “ಇಲ್ಲ, ಕೈಲೇ ಹಿಡ್ದು ಹೊಡ್ದೆ” ಎಂದೆ. ಬುಗ್ಗೆಯ ಬಳಿಯಿದ್ದವರು ನೀನು ಬರಿಗೋವಿ ಹಿಡಿದು ಹೋದದ್ದಕ್ಕೆ ಸಾಕ್ಷಿ ಹೇಳಿದರು. ಹಿರಿಯರು ಬೆಟ್ಟಕ್ಕೆ ಹೋಗಿ ನೀನು ಗುಂಡು ಹೊಡೆದ ಜಾಗವನ್ನೂ ನೋಡಿ ಬಂದರು. ಹಿಮ ಕರಗಿ ನೆಲ ಮೆತ್ತಗಿತ್ತು, ಕೊಂಬಿನ ಗುರುತು ಬೀಳಲೇಬೇಕಿತ್ತು, ಬಿದ್ದಿರಲಿಲ್ಲ. ಕಡೆಗೆ ನನ್ನನ್ನು ಕರೆದರು. “ನಿಮ್ಮಣ್ಣ ಕವೆ ತಗೊಂಡು ಹೋಗಿದ್ನೇನಮ್ಮಾ?” ನಾನು, “ಇಲ್ಲ, ಬಿಟ್ಟು ಹೋಗಿದ್ದ” ಎಂದೆ. ಸುಳ್ಳಲ್ಲ. ನೀನು ಬಿಟ್ಟೇ ಹೋಗಿದ್ದೆ.

ಕೈತಪ್ಪಿನ ರಕ್ತಕ್ಕೆ ಹೆಣ್ಣು ಕೊಡುವುದು ವಾಡಿಕೆ. ನಮ್ಮ ದೊಡ್ಡಪ್ಪನಿಗೆ ಮೂವರು ಹೆಣ್ಣುಮಕ್ಕಳು, ನನಗಿಂತ ದೊಡ್ಡವರು, ಚೆಲುವೆಯರು. ಆದರೆ ಸತ್ತವನ ತಾಯಿ ಸನಮ್ ಪರದೆಯ ಹಿಂದಿನಿಂದ, “ಬೇರೆ ಯಾರೂ ಬೇಡ. ಅವನ ತಂಗೀನೇ ಬೇಕು” ಎಂದರು. ಹಗೆಯಿಂದ ಎಂದುಕೊಂಡರು ಎಲ್ಲರೂ. ನಾನೂ ಹಾಗೆಯೇ ಅಂದುಕೊಂಡೆ. ಹದಿನೇಳನೆಯ ವಯಸ್ಸಿನಲ್ಲಿ, ಡೋಲು ಓಲಗ ಇಲ್ಲದೆ, ಹಳೆಯ ಬಟ್ಟೆಯಲ್ಲಿ, ಸತ್ತವನ ತಮ್ಮನ ಹೆಂಡತಿಯಾಗಿ ಈ ಮನೆಗೆ ನಡೆದು ಬಂದೆ. ಅದೇ ವಾರ ನೀನು ಊರು ಬಿಟ್ಟೆ. ನನಗೆ ಹೇಳಿಯೂ ಹೋಗಲಿಲ್ಲ. ಅದಕ್ಕೆ ಒಂದು ಕಾಲದಲ್ಲಿ ನನಗೆ ತುಂಬ ಸಿಟ್ಟಿತ್ತು.

ನಾಮ್ದಾರ್ ಒಳ್ಳೆಯವರು. ಕೈಯೆತ್ತಿದವರಲ್ಲ. ಒಂಬತ್ತು ವರ್ಷ ನನ್ನ ಹೆಸರು ಹಿಡಿದು ಕರೆಯಲಿಲ್ಲ, ಅಷ್ಟೇ. ಅತ್ತೆಯಂತೂ ನಿನ್ನೆಯವರೆಗೂ ಕರೆದವರಲ್ಲ. “ಕೊಂದವನ ತಂಗಿ, ನೀರು ತಾ.” “ಕೊಂದವನ ತಂಗಿ, ಮೊಸರು ಹುಳಿ ಬಂತು ನೋಡು.” ಮಗಳು ಹುಟ್ಟಿದಾಗಲೂ, “ಕೊಂದವನ ತಂಗಿಗೆ ಬಿಸಿ ತುಪ್ಪ ಕೊಡ್ರೇ” ಎಂದೇ ಹೇಳಿದರು. ತುಪ್ಪ ಮಾತ್ರ ಬಿಸಿಯಾಗಿಯೇ ಇತ್ತು. ಆ ಮಗಳ ಶಾಲೆಯ ಪುಸ್ತಕದಲ್ಲಿ ನಾನೂ ಅಕ್ಷರ ಕಲಿತೆ, ಇಲ್ಲದಿದ್ದರೆ ಈ ಪತ್ರವೂ ಇರುತ್ತಿರಲಿಲ್ಲ. ಅವಳೀಗ ಶಹ್ರೆಕೋರ್ದ್ ಪಟ್ಟಣದಲ್ಲಿ ಓದುತ್ತಿದ್ದಾಳೆ. ಅವಳನ್ನು ಯಾವ ಕೂಟಕ್ಕೂ ನಾನು ಕಳಿಸುವುದಿಲ್ಲ.

ಅತ್ತೆಗೆ ಈಗ ಎಂಬತ್ತು ದಾಟಿದೆ. ಕಣ್ಣಿಗೆ ಪೊರೆ ಬಂದಿದೆ. ನಿನ್ನೆ ಬೆಳಿಗ್ಗೆ ನಾನು ಹಾಲು ಕರೆದು ಬರುವಷ್ಟರಲ್ಲಿ ಅವರು ಹಿಟ್ಟಿನ ಮೂಟೆಗೆ ಕೈ ಹಾಕಿ ಕೂತಿದ್ದರು. ತೊಡೆಯ ಮೇಲೆ ನಿನ್ನ ಕವೆ. ಬೆರಳು ನಿಧಾನವಾಗಿ ಐದು ಚುಕ್ಕೆಗಳ ಮೇಲೆ ಹೋಗುತ್ತಿತ್ತು. ಹಾಲಿನ ಪಾತ್ರೆಯನ್ನು ಕೆಳಗಿಟ್ಟು ನಿಂತೆ. ಓಡಬೇಕು, ಕಾಲಿಗೆ ಬೀಳಬೇಕು ಎಂದೇನೂ ಅನ್ನಿಸಲಿಲ್ಲ. ಸರಿ, ಆ ಗಳಿಗೆ ಬಂತು ಎಂದುಕೊಂಡೆ.

“ಅಂತೂ ಕಳಿಸ್ದ” ಎಂದರು ಅತ್ತೆ. “ಕೂತ್ಕೋ. ನಿಂತ್ರೆ ನನಗೆ ನಿನ್ನ ಮುಖ ಕಾಣಲ್ಲ.”

ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯುತ್ತೇನೆ. “ಆವತ್ತು ನಾನು ಕೊರಕಲಲ್ಲಿ ಕಾಡು ಈರುಳ್ಳಿ ಕೀಳ್ತಿದ್ದೆ. ನೀನು ಇದನ್ನ ಹಿಡ್ಕೊಂಡು ಜಿಂಕೆ ಥರ ಓಡಿದ್ನ ಈ ಕಣ್ಣಾರೆ ನೋಡ್ದೆ. ಹೆಣ ಕೆಳಗೆ ತರ್ತಾರೆ ಅಂದಾಗ ಎಲ್ರೂ ಹೆಣದ ಕಡೆ ಓಡಿದ್ರು. ನಾನು ಮೇಲಕ್ಕೆ ಹೋದೆ. ತಲೆ ಕೆಟ್ಟಿದೆ ಅಂದ್ರು ಜನ. ಅವನು ಕೂತಿದ್ದ ಜಾಗದಲ್ಲಿ ನೆಲದಲ್ಲಿ ಎರಡು ತೂತು ಇದ್ವು ಕಣೇ, ಹಾವು ಕಚ್ಚಿದ ಗುರುತಿನ ಹಾಗೆ. ಕೈಲಿ ಮಣ್ಣು ಎಳೆದು ಮುಚ್ದೆ. ಅದೇ ಮಣ್ಣನ್ನ ತಲೆಗೆ ಬಳ್ಕೊಂಡು ಕೆಳಗೆ ಬಂದೆ. ಮಗ ಸತ್ತ ತಾಯಿ ತಲೆಗೆ ಮಣ್ಣು ಬಳ್ಕೊಂಡ್ರೆ ಯಾರು ಕೇಳ್ತಾರೆ?”

ಯಾಕೆ ಎಂಬುದನ್ನೂ ಅವರೇ ಹೇಳಿದರು. “ಕವೆ ಊರಿದ್ದ ಅಂತ ಗೊತ್ತಾಗಿದ್ರೆ ನಾಮ್ದಾರ್ ಹೋಗಿ ನಿಮ್ಮಣ್ಣನ್ನ ಕೊಲ್ತಿದ್ದ, ನಿಮ್ಮ ದೊಡ್ಡಪ್ಪನ ಕಡೆಯವ್ರು ಬಂದು ನಾಮ್ದಾರ್‌ನ ಕೊಲ್ತಿದ್ರು. ಒಬ್ಬನ್ನ ಹೂಳೋಕೆ ಹೊರಟಿದ್ದೆ. ಇನ್ನೊಬ್ಬನ್ನ ಎಲ್ಲಿಂದ ತರ್ಲಿ? ಅದಕ್ಕೇ ನಿನ್ನನ್ನ ಕೇಳ್ದೆ. ಗೊತ್ತಿರೋಳು ಹೊರಗಡೆ ಇರಬಾರ್ದು. ಎಲ್ಲೋ ಮದುವೆಯಾಗಿ, ಯಾವತ್ತೋ ಗಂಡನ ಹತ್ರ ಬಾಯಿ ಬಿಟ್ಟಿದ್ರೆ? ನನ್ನ ಕಣ್ಣೆದುರಿಗೇ ಇರ್ಲಿ ಅಂತ ತಂದೆ.”

ಅಣ್ಣ, ಆ ಗುರುತನ್ನು ನೀನೇ ಅಳಿಸಿದೆ ಎಂದು ನಾನು ತಿಳಿದಿದ್ದೆ. ನಾನು ಅಳಿಸಿದೆ ಎಂದು ನೀನು ತಿಳಿದಿರಬೇಕು. ನಿನ್ನ ಪ್ರಾಣಕ್ಕೆ ನನ್ನ ಬಾಳು ಕೊಟ್ಟೆ ಎಂದು ಇಷ್ಟು ವರ್ಷ ಒಳಗೊಳಗೇ ಒಂದು ಹೆಮ್ಮೆಯಿತ್ತು. ಅದೂ ನಿಜವಲ್ಲ. ನನ್ನನ್ನು ತಂದದ್ದು ರಕ್ತಕ್ಕಲ್ಲ, ನನ್ನ ಬಾಯಿಗೆ ಬೀಗ ಹಾಕುವುದಕ್ಕೆ. ಆ ಬೀಗ ಹಾಕದಿದ್ದರೂ ನಾನು ಹೇಳುತ್ತಿರಲಿಲ್ಲ. ಹೇಳುತ್ತೀಯಾ ಎಂದು ಯಾರೂ ನನ್ನನ್ನು ಕೇಳಲಿಲ್ಲ, ಅಷ್ಟೇ.

ರಕ್ತಕ್ಕೆ ನಿಂತ ಕವೆಯನ್ನು ಹೊಡೆದವನು ಕಳಿಸಿ ಸತ್ತವನ ಮನೆಯವರು ಮುರಿಯಬೇಕು, ಆಗಲೇ ಹಗೆ ಮುಗಿಯುವುದು ಎನ್ನುತ್ತಾರಲ್ಲ, ಅತ್ತೆ ಅದನ್ನು ಮೊಣಕಾಲಿಗೆ ಅಡ್ಡ ಹಿಡಿದು ಬಾಗಿಸಲು ನೋಡಿದರು. ನಿನ್ನ ಕೆಲಸ ಗಟ್ಟಿ. ಎರಡು ಸಲ, ಮೂರು ಸಲ. ಕೈಯ ನರ ಉಬ್ಬಿದವು. ಸುಸ್ತಾಗಿ ನನ್ನ ಕಡೆ ಚಾಚಿದರು. “ನೀನೇ ಮುರಿ, ಕಶ್ವರ್.”

“ಮನೆಯವರು ಮುರೀಬೇಕು ಅತ್ತೆ” ಎಂದೆ.

“ಮತ್ತೆ ನೀನು ಯಾರು?” ಎಂದು ಗದರಿದರು. “ಇಪ್ಪತ್ತಾರು ವರ್ಷ ಛತ್ರದಲ್ಲಿದ್ಯಾ?”

ಮುರಿದೆ. ಒಣಗಿದ ಮರ, ಟಪ್ ಎಂದು ಮುರಿಯಿತು. ಒಲೆಗೆ ಹಾಕಿ, ಮೇಲೆ ಹೆಂಚಿಟ್ಟು ರೊಟ್ಟಿ ಬೇಯಿಸಿದೆ. ಕೊಂಬು ಸುಡುವ ನಾತ ಅಂಗಳ ತುಂಬಿತು. ಪಕ್ಕದ ಮನೆಯವಳು ಗೋಡೆಯಾಚೆಯಿಂದ, “ಏನೇ ಅದು, ಸೊಸೆ ಜಡೆ ಸುಡ್ತಿದ್ದೀಯಾ ಸನಮಜ್ಜಿ?” ಎಂದು ಕೂಗಿದಳು. “ಹೌದು ಕಣೇ, ನಿನ್ನದೂ ತಾ!” ಎಂದರು ಅತ್ತೆ. ಮೂರು ರೊಟ್ಟಿ ಬೆಂದವು. ಮೊದಲನೆಯದನ್ನು ಹರಿದು ಅರ್ಧ ನನಗೆ ಕೊಟ್ಟರು. ತಿಂದೆ. ಉಪ್ಪು ಸರಿಯಾಗಿತ್ತು. ಆಗಲೂ ಅಳು ಬರಲಿಲ್ಲ. ಮಧ್ಯಾಹ್ನ ಮೊಸರು ಕಡೆಯುವಾಗ ಅತ್ತೆ ಒಳಗಿನಿಂದ “ಕಶ್ವರ್” ಎಂದು ಕರೆದರು. ಯಾರನ್ನು ಕರೆಯುತ್ತಿದ್ದಾರೆ ಎಂದು ತಿರುಗಿ ನೋಡಿದೆ.

ಕವೆ ಈಗಿಲ್ಲ. ನಾಮ್ದಾರ್‌ಗಾಗಲಿ ನನ್ನ ಮಗನಿಗಾಗಲಿ ತಿಳಿಯುವುದಿಲ್ಲ. ನೀನು ಹಗುರಾಗಬೇಕೆಂದು ಕಳಿಸಿದ್ದರೆ, ಆಗು. ಅತ್ತೆ ನಿನ್ನನ್ನು ಕ್ಷಮಿಸಿದರೋ ಇಲ್ಲವೋ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರು ನಿನ್ನ ಹೆಸರೆತ್ತಲಿಲ್ಲ.

ನನಗೆ ಉಳಿದದ್ದು ಒಂದೇ ಮಾತು. ಕವೆ ಊರಿದವನಿಗೆ ನೋಡಲು ಸಮಯವಿರುತ್ತದೆ. ಆ ಕಂಬಳಿಯ ಕೆಳಗೆ ಮಂದನಿಯ ಕಾಲು ನಿನಗೆ ಕಂಡಿತ್ತೇ? ಇದನ್ನು ಕೇಳಲೆಂದೇ ಅಕ್ಷರ ಕಲಿತೆನೇನೋ. ಆದರೆ ಉತ್ತರ ಬರೆಯಬೇಡ. ಈ ಮನೆಗೆ ಬರುವ ಪತ್ರಗಳನ್ನೆಲ್ಲ ಈಗ ನನ್ನ ಮಗನೇ ಒಡೆದು ಎಲ್ಲರಿಗೂ ಓದಿ ಹೇಳುತ್ತಾನೆ.

ಇದನ್ನೂ ಓದಿದ ಕೂಡಲೇ ಸುಟ್ಟುಬಿಡು. ನಿನ್ನ ಎಡಗೈಯ ನಡುಕ ಕಡಿಮೆಯಾಗಲಿ, ಅಲ್ಲಿನ ಬಿಸಿಲು ನಿನಗೆ ತಾಳಲಿ. ದೇವರು ನಿನ್ನನ್ನು ಕಾಯಲಿ, ಅಲ್ಲಿಯೇ, ದೂರದಲ್ಲಿ.

ನಾಮ್ದಾರ್ ಮನೆಯ
ಕಶ್ವರ್