ಒಂಬತ್ತನೇ ಪುಟ, ಕೆಳಗಿನಿಂದ ನಾಲ್ಕನೇ ಸಾಲು

ಮಾರ್ಚ್ 3, ಬೆಳಿಗ್ಗೆ 6.20

ಕಥೆ ವಾಪಸ್ ಬಂತು. ಅಣ್ಣ ಬಾಗಿಲ ಸಂದಿಯಿಂದ ತಳ್ಳಿದ್ದಾನೆ, ಎಂದಿನ ಹಾಗೆ. ಹನ್ನೊಂದು ಪುಟ. ಕೆಂಪು ಬೀಳದ ಪುಟ ಒಂದೂ ಇಲ್ಲ. 'ಮದ್ಯಾಹ್ನ' ಎಂದು ಮತ್ತೆ ಬರೆದಿದ್ದೇನೆ. ಪಕ್ಕದಲ್ಲಿ ಅವನ ಷರಾ — 'ದ-ಗೆ ಹೊಟ್ಟೆ ಸೀಳು. ಮದ್ಯ ಅಂದರೆ ಹೆಂಡ.' ಎರಡನೇ ಪುಟದಲ್ಲಿ ಮಂಗಳವಾರ, ಐದನೆಯದರಲ್ಲಿ ಮರುದಿನವೇ ಭಾನುವಾರ. 'ನಡುವಿನ ನಾಲ್ಕು ದಿನ ಯಾರು ತಿಂದರು?'

ಸರಿಯಾಗಿಯೇ ಹೇಳುತ್ತಾನೆ. ಅದೇ ಕಷ್ಟ. ತಪ್ಪು ಹೇಳಿದ್ದರೆ ಜಗಳ ಆಡಬಹುದಿತ್ತು.

ಪೇಪರಿನಲ್ಲಿ ಮೂವತ್ತೊಂದು ವರ್ಷ ಪ್ರೂಫ್ ನೋಡಿದವನು. ಎರಡು ವರ್ಷದ ಹಿಂದೆ 'ಇನ್ನು ಕಂಪ್ಯೂಟರೇ ನೋಡಿಕೊಳ್ಳುತ್ತೆ' ಎಂದು ಶಾಲು ಹೊದೆಸಿ ಮನೆಗೆ ಕಳಿಸಿದರು. ಅವತ್ತಿನಿಂದ ಅವನ ಪೇಪರು ನಾನೇ.

ಬಸ್ಸಿಗೆ ಹೊತ್ತಾಯಿತು.

ಮಾರ್ಚ್ 5, ಸಂಜೆ

ಬಟ್ಟೆ ಮಡಿಸುವಾಗ ಅತ್ತಿಗೆಗೆ ಮೆಲ್ಲಗೆ ಹೇಳಿದೆ, ಇನ್ನು ಮೇಲೆ ಕಥೆಗಳನ್ನು ಅಣ್ಣನಿಗೆ ಕೊಡುವುದಿಲ್ಲ, ನಾನೇ ನೋಡಿಕೊಳ್ಳುತ್ತೇನೆ ಎಂದು.

"ಹಂಗೆಲ್ಲ ಮಾಡಬೇಡ ಕಣೇ" ಎಂದರು. "ನಿನ್ನ ಕಥೆ ಇಲ್ಲದ ವಾರ ಅವರು ಏನು ಮಾಡ್ತಾರೆ ಗೊತ್ತಾ? ಹಾಲಿನ ಪ್ಯಾಕೆಟ್ ತಿದ್ತಾರೆ. ಮೊನ್ನೆ ಯಾರದೋ ಮದುವೆ ಕಾಗದ ತಿದ್ದಿ, ವಾಪಸ್ ಅವರಿಗೇ ಪೋಸ್ಟ್ ಮಾಡೋಕೆ ಹೊರಟಿದ್ರು. ನಾನು ಕೈ ಹಿಡ್ಕೊಂಡೆ."

ನಕ್ಕೆವು. ನಗು ನಿಂತ ಮೇಲೆ ಅತ್ತಿಗೆ ನನ್ನ ಮೊಣಕೈ ಮುಟ್ಟಿ, "ಅದೊಂದು ಕೊಡ್ತಾ ಇರು" ಎಂದರು.

ಅಲ್ಲಿಗೆ ಮುಗಿಯಿತು. ಅಪ್ಪ ಹೋದಾಗ ನನಗೆ ಹತ್ತು. ಓದಿಸಿದವನು ಅಣ್ಣ. ಕೆಲಸಕ್ಕೆ ಅರ್ಜಿ ಬರೆದವನು ಅಣ್ಣ. ಮದುವೆ ಬೇಡ ಎಂದಾಗ ಸರಿ ಎಂದವನೂ ಅವನೇ. ನನಗೆ ನಲವತ್ತಮೂರಾಯಿತು, ಇನ್ನೂ 'ಪುಟ್ಟೂ' ಎನ್ನುತ್ತಾನೆ. ಇಂಥವನಿಗೆ ಯಾವ ಬಾಯಲ್ಲಿ ಹೇಳುವುದು, ನನ್ನ ಕಾಗದ ಮುಟ್ಟಬೇಡ ಎಂದು?

ಮಾರ್ಚ್ 11, ಬಸ್ಸಿನಲ್ಲಿ

ಮೊದಮೊದಲು ಅಕ್ಷರ ತಿದ್ದುತ್ತಿದ್ದ. ಆಮೇಲೆ ವಾಕ್ಯ. ಈಗ ಮನುಷ್ಯರನ್ನು.

ನನ್ನ ಕಥೆಯ ಹೆಂಗಸು ಕೊನೆಯಲ್ಲಿ ಚಪ್ಪಲಿ ಮೆಟ್ಟಿ ಮನೆ ಬಿಟ್ಟು ಹೊರಡುತ್ತಾಳೆ. ಅಣ್ಣ ಅವಳನ್ನು ಬೀದಿ ತಿರುವಿನಿಂದ ವಾಪಸ್ ಕರೆತಂದು ಒಲೆ ಮುಂದೆ ನಿಲ್ಲಿಸಿದ್ದಾನೆ.

ಕೇಳಿದೆ. "ಎಲ್ಲಿಗೆ ಹೋಗ್ತಾಳೆ ಪುಟ್ಟೂ? ಎಲ್ಲೂ ಬರೆದಿಲ್ಲ ನೀನು. ಕೈಯಲ್ಲಿ ಚೀಲ ಇಲ್ಲ. ಆ ಹೊತ್ತಲ್ಲಿ ಬಸ್ಸಿಲ್ಲ."

"ಹೋಗಬೇಕು ಅನ್ನಿಸ್ತು, ಹೋದಳು."

"ಅನ್ನಿಸೋದು ಬೇರೆ, ಹೋಗೋದು ಬೇರೆ."

ಹೋದ ವರ್ಷ ಅಚ್ಚಾದ ಎರಡು ಕಥೆಯೂ ಹೀಗೇ. ಕೊನೆ ಚೆನ್ನಾಗಿದೆ ಎಂದು ಓದುಗರ ಪತ್ರ ಬಂದಿತ್ತು. ಅದು ಅವನು ಬರೆದ ಕೊನೆ. ಮನೆಯಲ್ಲಿ ಯಾರೂ ಆ ಮಾತು ಎತ್ತಲಿಲ್ಲ. ಪತ್ರವನ್ನು ಅತ್ತಿಗೆ ಫ್ರಿಜ್ಜಿನ ಮೇಲೆ ಇಟ್ಟರು, ನನ್ನದೋ ಅವನದೋ ಅಂತಿಲ್ಲದ ಹಾಗೆ.

ಮಾರ್ಚ್ 19, ಊಟದ ಹೊತ್ತು, ಲ್ಯಾಬ್

ಇವತ್ತು ಕಂಡದ್ದನ್ನು ಮರೆಯುವ ಮೊದಲು ಬರೆಯಬೇಕು.

ನಮ್ಮ ಆಸ್ಪತ್ರೆ ಲ್ಯಾಬಿನ ಹಿರಿಯ ಟೆಕ್ನಿಷಿಯನ್. ಬೆನ್ನ ಹಿಂದೆ ಎಲ್ಲರೂ ಕರೆಯುವುದು ಗಡಿಯಾರಮ್ಮ ಎಂದು. ಹನ್ನೆರಡೂವರೆಗೆ ಊಟಕ್ಕೆಂದು ಎದ್ದು ಹೋದರೆ ಹನ್ನೆರಡು ಐವತ್ತಕ್ಕೆ ಕುರ್ಚಿಯಲ್ಲಿರುತ್ತಾರೆ. ಅವರನ್ನು ನೋಡಿ ಗೋಡೆ ಗಡಿಯಾರ ಸರಿಮಾಡಬಹುದು. ಆ ಇಪ್ಪತ್ತು ನಿಮಿಷ ಎಲ್ಲಿಗೆ ಹೋಗುತ್ತಾರೆ ಎಂದು ಇಷ್ಟು ದಿನ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ರಕ್ತದ ಟ್ಯೂಬು ತರಲು ಮೂರನೇ ಮಹಡಿಗೆ ಹೋಗಿದ್ದೆ. ಯಾರೂ ದಿಕ್ಕಿಲ್ಲದವರನ್ನು ಇಡುವ ವಾರ್ಡು. ಕಿಟಕಿ ಪಕ್ಕದ ಮಂಚದಲ್ಲಿ ಒಬ್ಬ ಗಂಡಸು, ಒಂದು ಪಕ್ಕ ಸ್ವಾಧೀನವಿಲ್ಲ, ಮಾತು ಹೋಗಿದೆ. ಗಡಿಯಾರಮ್ಮ ಅವನಿಗೆ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದರು. ಗಲ್ಲಕ್ಕೆ ಇಳಿದದ್ದನ್ನು ತಮ್ಮ ಸೆರಗಿನಿಂದ ಒರೆಸಿದರು. ನನ್ನನ್ನು ಕಂಡರು. ಕೈ ನಿಲ್ಲಲಿಲ್ಲ.

ಕೆಳಗೆ ಬಂದ ಮೇಲೆ ಫ್ರಿಜ್ ರೂಮಿಗೆ ಕರೆದು ಹೇಳಿದರು. "ಇಪ್ಪತ್ತೆರಡು ವರ್ಷದವಳಿದ್ದಾಗ ಇವರನ್ನೇ ಮದುವೆ ಆಗಬೇಕಿತ್ತು. ಮನೇಲಿ ಒಪ್ಪಲಿಲ್ಲ. ಆಮೇಲೆ ಸುದ್ದಿಯೇ ಇರಲಿಲ್ಲ. ನವೆಂಬರಿನಲ್ಲಿ ಟ್ಯೂಬಿನ ಮೇಲೆ ಹೆಸರು ನೋಡಿದೆ. ವಯಸ್ಸು ನೋಡಿದೆ. ಮೇಲೆ ಹತ್ತಿ ಹೋಗಿ ನೋಡಿದೆ... ಅವರಿಗೆ ನನ್ನ ಗುರುತಿಲ್ಲ ಕಣಮ್ಮ. ಯಾರೋ ನರ್ಸು ಅಂದ್ಕೊಂಡಿದ್ದಾರೆ."

"ನಿಮ್ಮ ಮನೆಯವರಿಗೆ?"

"ಗೊತ್ತಾದ್ರೆ ಅವತ್ತಿಗೆ ಮುಗೀತು. ಇವರ ಹೆಸರು ಗೊತ್ತು ಅವರಿಗೆ. ನಿನ್ನ ಹೊಟ್ಟೇಲಿ ಇರಲಿ."

ಇರಲಿ ಎಂದೆ.

ಮಾರ್ಚ್ 28

ಇಲ್ಲ. ಇರಲಿಲ್ಲ. ಒಂಬತ್ತು ದಿನದಲ್ಲಿ ಬರೆದು ಮುಗಿಸಿದೆ. ನಾನು ಬರೆದದ್ದರಲ್ಲಿ ಇದೇ ಚೆನ್ನಾಗಿದೆ. ನನಗೆ ಗೊತ್ತಾಗುತ್ತದೆ. ಎಲ್ಲ ಬದಲಾಯಿಸಿದ್ದೇನೆ. ಲ್ಯಾಬ್ ಅಲ್ಲ, ಎಕ್ಸ್-ರೇ ವಿಭಾಗ. ಗಡಿಯಾರಮ್ಮ ಅಲ್ಲ, 'ಹಿರಿಯಕ್ಕ'. ಗಂಜಿ ಅಲ್ಲ, ಹಾಲು. ಊರು ಕೇರಿ ಏನೂ ಇಲ್ಲ. ಯಾರಿಗೆ ತಿಳಿಯಬೇಕು.

ಅಣ್ಣನಿಗೆ ಕೊಡುವುದಿಲ್ಲ. ಕೊಟ್ಟರೆ ಹಿರಿಯಕ್ಕನಿಗೆ ಪಶ್ಚಾತ್ತಾಪ ಬರಿಸುತ್ತಾನೆ. ಗಂಡನ ಕಾಲಿಗೆ ಬೀಳಿಸುತ್ತಾನೆ. ಇಲ್ಲಿ ಅವಳು ಯಾರ ಕಾಲಿಗೂ ಬೀಳುವುದಿಲ್ಲ. ಚಮಚ ತೊಳೆದು, ವಾಚು ನೋಡಿಕೊಂಡು, ಮೆಟ್ಟಿಲಿಳಿಯುತ್ತಾಳೆ. ಅಷ್ಟೇ.

ಲ್ಯಾಬಿನ ಪ್ರಿಂಟರಿನಲ್ಲಿ ಒಂದು ಪ್ರತಿ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೇನೆ. ಬಸ್ಸಿನಲ್ಲಿ ಎರಡು ಸಲ ಓದಿದೆ. 'ಮಧ್ಯಾಹ್ನ' ಎಲ್ಲ ಕಡೆ ಸರಿಯಿದೆ. ಹೊಟ್ಟೆ ಸೀಳಿದ್ದೇನೆ.

ಏಪ್ರಿಲ್ 2, ಬೆಳಿಗ್ಗೆ

ಕಳಿಸಿದೆ. ಕಥೆ ಪತ್ರಿಕೆಗೆ ಹೋದ ಮೇಲೆ ಅಡುಗೆಮನೆಗೆ ಹೋಗಿ ನೀರು ಕುಡಿದೆ. ಅಣ್ಣ ಮೇಜಿನ ಮುಂದೆ ಕೂತಿದ್ದ. "ಏನೂ ಬರೀತಾ ಇಲ್ವಾ ಪುಟ್ಟೂ?" ಎಂದು ಕೇಳಿದ.

"ಇಲ್ಲ. ಕೆಲಸ ಜಾಸ್ತಿ."

"ಹೂಂ" ಎಂದ. ಬಹಳ ಹೊತ್ತು ನನ್ನನ್ನೇ ನೋಡಿದ.

ನಲವತ್ತಮೂರನೇ ವಯಸ್ಸಿನಲ್ಲಿ ಅಣ್ಣನಿಗೆ ಹೇಳಿದ ಮೊದಲ ಸುಳ್ಳು... ಮೊದಲನೆಯದಲ್ಲ. ಇರಲಿ.

ಏಪ್ರಿಲ್ 24

ಸಂಪಾದಕರ ಫೋನ್. ಮುಂದಿನ ಸಂಚಿಕೆಗೆ ತೆಗೆದುಕೊಂಡಿದ್ದಾರೆ. "ಬಂದ ಹಾಗೇ ಹಾಕ್ತಿದ್ದೀವಿ. ಈಗ ನಮ್ಮಲ್ಲೂ ಪ್ರೂಫ್ ನೋಡೋರು ಇಲ್ಲ. ನಿಮ್ಮದು ಯಾವಾಗಲೂ ಕ್ಲೀನ್ ಆಗಿರುತ್ತಲ್ಲ."

ಟೆರೇಸಿಗೆ ಹೋಗಿ ಒಬ್ಬಳೇ ನಕ್ಕೆ.

ಮೇ 4

ಅಚ್ಚಾಯಿತು. ನನ್ನ ಕೊನೆ. ಒಂದಕ್ಷರವೂ ಬೇರೆಯವರದಲ್ಲ.

ಅತ್ತಿಗೆ ಓದಿ ಕಣ್ಣೊರೆಸಿಕೊಂಡರು. ಅಣ್ಣನ ಕಡೆ ತಿರುಗಿ, "ಇದನ್ನ ಯಾವಾಗ ತಿದ್ದಿದ್ರಿ?" ಎಂದರು. ಅವನು ಪತ್ರಿಕೆ ಮಡಿಸಿ ಇಟ್ಟ. "ನಾನಲ್ಲ."



ಮೇ 6, ಮಧ್ಯಾಹ್ನ 1.15

ಬಿಲ್ಲಿಂಗ್ ಕೌಂಟರಿನ ಹುಡುಗಿ ಫೋನ್ ಹಿಡಿದುಕೊಂಡು ಬಂದಳು. "ಮೇಡಂ, ಇದು ನೀವೇ ಅಲ್ವಾ ಬರೆದಿರೋದು? ಎಲ್ಲರ ಗ್ರೂಪಲ್ಲೂ ಬಂದಿದೆ." ಪುಟದ ಫೋಟೋ. ಒಂದು ಸಾಲಿಗೆ ಯಾರೋ ಹಳದಿ ಬಳಿದಿದ್ದಾರೆ.

'ಗಡಿಯಾರಮ್ಮ ಚಮಚ ತೊಳೆದು ಮಂಚದ ಪಕ್ಕದ ಡಬ್ಬಿಯಲ್ಲಿ ಇಟ್ಟಳು.'

ನೂರಾರು ಕಡೆ ಹಿರಿಯಕ್ಕ. ಒಂದು ಕಡೆ, ಒಂದೇ ಒಂದು ಕಡೆ —

ಎರಡು ಸಲ ಓದಿದ್ದೆ. ಕಣ್ಣಿಗೆ ಬಿದ್ದಿರಲಿಲ್ಲ. ನಾನು ಬರೆದದ್ದನ್ನು ನಾನು ಓದಿದಾಗ, ಏನು ಇರಬೇಕೋ ಅದೇ ಕಾಣುತ್ತದೆ. ಇರುವುದು ಕಾಣುವುದಿಲ್ಲ.

ಹನ್ನೆರಡೂವರೆಗೆ ಗಡಿಯಾರಮ್ಮ ಎದ್ದರು. ಫೋನ್ ನೋಡುತ್ತಿದ್ದ ನಾಲ್ಕು ಜನ ತಲೆ ಎತ್ತಿದರು. ಅವರು ನಿಂತಲ್ಲೇ ನಿಂತು, ಮತ್ತೆ ಕೂತರು.

ಮೇ 7

ಆ ಫೋಟೋ ಅವರ ಮನೆಗೂ ಮುಟ್ಟಿದೆ. ಅವರ ಗಂಡ ಬೆಳಿಗ್ಗೆ ಗೇಟಿನ ತನಕ ಬಿಟ್ಟು ಹೋದರು. ಮಧ್ಯಾಹ್ನ ಮತ್ತೆ ಬಂದರು. ಲ್ಯಾಬಿನ ಎದುರಿನ ಬೆಂಚಿನಲ್ಲಿ ಹನ್ನೆರಡೂವರೆಯಿಂದ ಒಂದರ ತನಕ ಕೂತಿದ್ದರು. ಯಾರನ್ನೂ ಬೈಯಲಿಲ್ಲ. ಸುಮ್ಮನೆ ಬಾಗಿಲು ನೋಡುತ್ತಾ ಕೂತಿದ್ದರು.

ಗಡಿಯಾರಮ್ಮ ನನ್ನ ಜೊತೆ ಕೆಲಸದ ಮಾತು ಮಾತ್ರ ಆಡುತ್ತಾರೆ. "ಆ ರ‍್ಯಾಕ್ ಕೊಡಿ." ಹದಿನಾರು ವರ್ಷದಲ್ಲಿ ಮೊದಲ ಸಲ 'ಕೊಡಿ'.

ಮೇ 9

ಅವರ ಗಂಡ ಇವತ್ತೂ ಬೆಂಚಿನಲ್ಲಿ.

ನಾನೇ ಮೂರನೇ ಮಹಡಿಗೆ ಹೋದೆ. ಗಂಜಿ ಬಟ್ಟಲು ಹಾಗೇ ಇತ್ತು. ಕುಡಿಸಲು ನೋಡಿದೆ. ಅವನು ತುಟಿ ಬಿಗಿದು ನನ್ನ ಹಿಂದೆ, ಬಾಗಿಲ ಕಡೆ ನೋಡಿದ. ಗುರುತಿಲ್ಲ ಎಂದಿದ್ದರಲ್ಲ ಅವರು.

ಮೇ 14

ಬೆಳಿಗ್ಗೆ ಕಿಟಕಿ ಪಕ್ಕದ ಆ ಮಂಚದ ಹಾಸಿಗೆ ಬಿಸಿಲಿಗೆ ಹಾಕಿದ್ದರು. ರಾತ್ರಿ ಹೋದನಂತೆ.

ಕೆಳಗೆ ಬಂದು ಹೇಳಿದೆ. ಗಡಿಯಾರಮ್ಮ ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯಲಿಲ್ಲ. "ಗೊತ್ತು" ಎಂದರು. ಆಮೇಲೆ ಇನ್ನೂ ಹನ್ನೆರಡು ಸ್ಲೈಡು ನೋಡಿದರು. ನಾನು ಎಣಿಸಿದೆ.

ಮೇ 15, ಸಂಜೆ 5

ಅಣ್ಣನಿಗೆ ಎಲ್ಲ ಹೇಳಿಬಿಡಬೇಕು ಎಂದು ಹೋದೆ. ಅವನು ಕಿಟಕಿ ಹತ್ತಿರ ಕೂತು ಯಾವುದೋ ಔಷಧಿ ಚೀಟಿ ಓದುತ್ತಿದ್ದ. "ಅಣ್ಣ, ಆ ಕಥೇಲಿ ಒಂದು ತಪ್ಪಾಗಿದೆ" ಎಂದೆ.

"ಒಂಬತ್ತನೇ ಪುಟ. ಕೆಳಗಿನಿಂದ ನಾಲ್ಕನೇ ಸಾಲು" ಎಂದ ಅಣ್ಣ.

ಪತ್ರಿಕೆಯಲ್ಲಿ ಅದು ನಲವತ್ತೆರಡನೇ ಪುಟ. ಒಂಬತ್ತನೆಯದು ನನ್ನ ಬ್ಯಾಗಿನಲ್ಲಿದ್ದ ಪ್ರತಿಯಲ್ಲಿ.



"ಯಾವಾಗ ನೋಡಿದೆ?"

"ತಲೆನೋವಿನ ಮಾತ್ರೆ ಹುಡುಕಿದೆ ನಿನ್ನ ಬ್ಯಾಗಲ್ಲಿ. ಮಾರ್ಚ್ ಕೊನೇಲಿ. ವರ್ಷಗಟ್ಟಲೆ ಊಟಕ್ಕೆ ಕೂತಾಗ ಗಡಿಯಾರಮ್ಮ ಹಿಂಗೆ, ಗಡಿಯಾರಮ್ಮ ಹಂಗೆ ಅಂತ ಹೇಳ್ತಿದ್ದೀಯಲ್ಲ, ಗೊತ್ತಾಯ್ತು."

"ಗೊತ್ತಿದ್ದೂ ಹೇಳಲಿಲ್ವಾ? ಅದೆಲ್ಲ ನಿಜ ಅಣ್ಣ, ಅವರ ಮನೆ ತನಕ ಹೋಗಿದೆ."

"ನೀನೇ ತಂದು ಕೊಡ್ತೀಯ ಅಂತ ಕಾದೆ. ಕೊಡಲಿಲ್ಲ. ಏನೂ ಬರೀತಾ ಇಲ್ವಾ ಅಂತ ಬಾಯಿಬಿಟ್ಟು ಕೇಳಿದೆ. ಇಲ್ಲ ಅಂದೆ." ಕನ್ನಡಕ ತೆಗೆದು ಒರೆಸಿದ. ಒರೆಸುತ್ತಲೇ ಇದ್ದ. "ಹೇಳೋದು ಬಾಯಿ ತನಕ ಬಂತು. ನನ್ನ ಕೈ ಬೇಡ ಅಂದ ಮೇಲೆ ಬೇಡ ಅನ್ನಿಸ್ತು. ಒಂದು ತಪ್ಪು ಅಚ್ಚಾದ್ರೆ ಬುದ್ಧಿ ಬರುತ್ತೆ ಅಂದ್ಕೊಂಡೆ. ಅದು ನಿಜವಾಗಿ ನಡೆದದ್ದು ಅಂತ ನನಗೆ ಗೊತ್ತಿರಲಿಲ್ಲ ಪುಟ್ಟೂ. ಹೆಸರೊಂದು ತಗೊಂಡಿದ್ದೀಯ ಅಂದ್ಕೊಂಡೆ."

ಬೈಯಬೇಕು ಅನ್ನಿಸಿತು. ಬಾಗಿಲ ಕಡೆ ತಿರುಗಿದೆ. ಅವನು ಮುಚ್ಚಿಟ್ಟದ್ದು ಒಂದು ಸಾಲು. ನಾನು ಹೊರಹಾಕಿದ್ದು ಒಂದು ಬದುಕು.

"ಕಥೆ ಚೆನ್ನಾಗಿದೆ" ಎಂದ, ನಾನು ಬಾಗಿಲು ದಾಟುವಾಗ. "ಕೊನೆ ನಾನು ಮುಟ್ಟುತ್ತಿರಲಿಲ್ಲ."

ಅದನ್ನು ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು.

ಮೇ 16, 17

ಏನೂ ಬರೆಯಲಾಗಲಿಲ್ಲ. ಒಂದೇ ಮನೆ, ಒಂದೇ ಅಡುಗೆಮನೆ. ಅತ್ತಿಗೆ ಇಬ್ಬರಿಗೂ ಬೇರೆ ಬೇರೆ ಹೊತ್ತಿಗೆ ಬಡಿಸುತ್ತಿದ್ದಾರೆ, ಯಾಕೆಂದು ಕೇಳದೆ.

ಮೇ 18, ಲ್ಯಾಬ್

ಗಡಿಯಾರಮ್ಮ ಫ್ರಿಜ್ ರೂಮಿಗೆ ಕರೆದರು. ಬೈಯುತ್ತಾರೆ ಎಂದುಕೊಂಡೆ. ಬೈದರೆ ಸಾಕು ಎಂದುಕೊಂಡೆ.

"ಒಂದು ಕೇಳ್ತೀನಿ. ಅಚ್ಚಾಗೋ ಮುಂಚೆ ನನಗೊಂದು ಸಲ ಓದಿಸಬೇಕು ಅಂತ ನಿನಗೆ ಅನ್ನಿಸಲಿಲ್ವಾ?"

ಅನ್ನಿಸಿರಲಿಲ್ಲ. ಅಣ್ಣನಿಗೆ ತೋರಿಸಬೇಕೋ ಬೇಡವೋ ಎಂದೇ ಒಂದು ತಿಂಗಳು ಒದ್ದಾಡಿದವಳು ನಾನು. ಇವರ ನೆನಪೇ ಬಂದಿರಲಿಲ್ಲ. ಹೆಸರು ತಪ್ಪಿದ್ದು ಬಿಡಿ, ಹೆಸರು ತಪ್ಪದಿದ್ದರೂ ಇವರು ಓದಿದ್ದರೆ ತಮ್ಮನ್ನು ತಾವು ಗುರುತು ಹಿಡಿಯುತ್ತಿದ್ದರಲ್ಲ.

"ತಪ್ಪಾಯ್ತು ಅಕ್ಕಾ."

"ತಪ್ಪಾಯ್ತು ಅನ್ನೋದು ನನಗೆ ಬೇಡ. ಕಾಗದ ಬೇಕು. ಎಲ್ಲ ಕಟ್ಟುಕತೆ, ನನ್ನನ್ನ ನೋಡಿ ಬರೆದದ್ದಲ್ಲ, ಅಂಥ ಮನುಷ್ಯನೇ ಇರಲಿಲ್ಲ ಅಂತ ಬರೆದು ಆ ಪತ್ರಿಕೆಗೆ ಕಳಿಸು. ಅಚ್ಚಾಗಬೇಕು. ಮನೇಲಿ ತೋರಿಸಬೇಕು ನಾನು. ಅವರಿಗೂ ನಂಬಬೇಕು ಅಂತಲೇ ಇದೆ ಕಣಮ್ಮ, ನಂಬೋಕೆ ಏನಾದ್ರೂ ಕೈಗೆ ಸಿಗಬೇಕು."

ಆಗಲಿ ಎಂದೆ.

"ನಿಮ್ಮಣ್ಣನ ಹತ್ರ ತೋರಿಸಿ ಕಳಿಸು" ಎಂದರು. "ಈ ಸಲ ಒಂದಕ್ಷರ ಹೆಚ್ಚುಕಮ್ಮಿ ಆಗಬಾರದು."

ಮೇ 20, ಬೆಳಿಗ್ಗೆ 7

ಕಾಗದ ಅರ್ಧ ಪುಟ. ಅಣ್ಣನ ಮುಂದೆ ಇಟ್ಟೆ. ಐದು ದಿನದ ನಂತರ ಮೊದಲ ಸಲ ಎದುರುಬದುರು ಕೂತದ್ದು. ಬೆರಳಿಟ್ಟು ಒಂದೊಂದೇ ಸಾಲು ಓದಿದ. ಮತ್ತೊಮ್ಮೆ ಓದಿದ. ಪೆನ್ನಿನ ಮುಚ್ಚಳವನ್ನೂ ತೆಗೆಯಲಿಲ್ಲ.

"ತಪ್ಪಿಲ್ಲ" ಎಂದ.

"ಒಂದೂ?"

"ಅಕ್ಷರದ್ದು ಒಂದೂ ಇಲ್ಲ. ಸಹಿ ಹಾಕು. ಪೋಸ್ಟ್ ಮಾಡಿ ಬರ್ತೀನಿ." ಎದ್ದು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾನೆ. ಪೆನ್ನು ಹುಡುಕುತ್ತೇನೆ ಎಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಪೆನ್ನು ಕೈಯಲ್ಲೇ ಇದೆ.

ಹಾಕದಿದ್ದರೆ ಆ ಮನೆ ಉಳಿಯುವುದಿಲ್ಲ. ಹಾಕಿದರೆ ಆ ಮಂಚದಲ್ಲಿ ಯಾರೂ ಮಲಗಿರಲಿಲ್ಲ. ಅವನಿಗೆ ಯಾರೂ ಗಂಜಿ ಕುಡಿಸಲಿಲ್ಲ. ಅದನ್ನು ಕಂಡವಳು ಅವರನ್ನು ಬಿಟ್ಟರೆ ನಾನೊಬ್ಬಳು, ನಾನೇ ಬರೆದುಕೊಟ್ಟ ಹಾಗೆ, ಕಂಡಿಲ್ಲವೆಂದು...

ಅಣ್ಣ ಕರೆಯುತ್ತಿದ್ದಾನೆ. ಬಂದೆ ಎಂದೆ. ಆ ಮಂಚದವನು ಬಾಗಿಲ ಕಡೆ ನೋಡಿದ್ದು, ನಾನು ಅವನನ್ನು ಕಂಡ ಕೊನೆಯ ದಿನ, ಅದೊಂದನ್ನು ಗಡಿಯಾರಮ್ಮನಿಗೆ ಇನ್ನೂ ಹೇಳಿಲ್ಲ. ಹೇಳಲೋ, ಇಲ್ಲಾ ಅದನ್ನೂ ಕಾಣಲಿಲ್ಲವೆಂದು —